ಕೂಸಿನ ಬಳೆಗೆ ಸುತ್ತಿದ ಬೆಳಕು

ನಾನು ಕನ್ನಡ ಪಾಠ ಮಾಡುವವನು. ಕೊಪ್ಪಳದ ಒಂದು ಕಾಲೇಜಿನಲ್ಲಿ ಹಳಗನ್ನಡವನ್ನು ಮಕ್ಕಳ ತಲೆಗೆ ತುರುಕುವುದು ನನ್ನ ಹೊಟ್ಟೆಪಾಡು. ನನ್ನ ಹೆಂಡತಿ ಸುರೇಖಾ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಸ್ಟಾಫ್‌ರೂಮಿನಲ್ಲಿ ಯಾರಾದರೂ, "ಗವಿಸಿದ್ದೇಶ ಸರ್, ಮೇಡಂ ಅದೇನೋ ಸಂಶೋಧನೆ ಮಾಡಾಕತ್ತಾರಂತಲ್ಲ, ಏನ್ರಿ ಅದು?" ಎಂದು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ನನಗೆ ಉತ್ತರ ಗೊತ್ತಿರುವುದಿಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ನಾನೇ ಅವಳನ್ನು ಕೇಳಿದೆ.

"ಟ್ರ್ಯಾಕ್ಟರಿನ ಬೇರಿಂಗಿಗೆ ಕರಿ ಗ್ರೀಸ್ ಹಾಕ್ತಾರಲ್ರಿ, ಅದರಾಗ ಮಾಲಿಬ್ಡಿನಂ ಡೈಸಲ್ಫೈಡ್ ಅಂತ ಒಂದು ಪುಡಿ ಇರ್ತೈತಿ" ಎಂದಳು. "ಅದರದ ಹರಳು ಪದರ ಪದರ ಇರ್ತೈತಿ. ಅಂಟಿನ ಪಟ್ಟಿ ಹಚ್ಚಿ ಕೀಳೂದು, ಮತ್ತ ಹಚ್ಚೂದು, ಮತ್ತ ಕೀಳೂದು. ಕಡೀಕ ಒಂದ ಪದರ ಉಳಿತೈತಿ. ಅದಕ್ಕ ಉದ್ದ ಐತಿ, ಅಗಲ ಐತಿ, ದಪ್ಪ ಅನ್ನೂದು ಲೆಕ್ಕಕ್ಕ ಇಲ್ಲ. ಎರಡು ಆಯಾಮದ ಅರೆವಾಹಕ ಅಂತೀವಿ."

"ಅದನ್ನ ಇಟಗೊಂಡು ಏನ ಮಾಡ್ತಿ?"

"ಅದರ ಮ್ಯಾಲ ಹಸಿರು ಬೆಳಕು ಬಿಡ್ತೀನಿ, ಅದು ತಿರುಗಿ ಕೆಂಪು ಬೆಳಕು ಕೊಡ್ತೈತಿ. ದಪ್ಪ ಇದ್ದಾಗ ಮಂಕು, ಒಂದ ಪದರ ಆದಾಗ ಹೊಳಪು."

ಗುಂಪಿನಲ್ಲಿ ಮಂಕಾಗಿದ್ದು ಒಂಟಿಯಾದಾಗ ಹೊಳೆಯುವವರನ್ನು ಸ್ಟಾಫ್‌ರೂಮಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದ್ದರಿಂದ ಅಷ್ಟು ತಿಳಿಯಿತು. ಮುಂದಿನದಕ್ಕೆ ಅವಳು ರೊಟ್ಟಿಯ ಸಹಾಯ ತೆಗೆದುಕೊಂಡಳು. ಈ ಪದರವನ್ನು ತುಸು ಜಗ್ಗಿದರೆ ಅದು ಕೊಡುವ ಬೆಳಕು ಇನ್ನೂ ಕೆಂಪಿನ ಕಡೆಗೆ ಸರಿಯುತ್ತದೆಯಂತೆ. ಎಷ್ಟು ಜಗ್ಗಿದರೆ ಅಷ್ಟು. ಆದರೆ ಅಂಥ ಪದರವನ್ನು ಬೆರಳಿನಿಂದ ಹಿಡಿದು ಜಗ್ಗಲು ಆಗುವುದಿಲ್ಲವಲ್ಲ, ಅದಕ್ಕೆ ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಿ ಪಟ್ಟಿಯನ್ನೇ ಬಗ್ಗಿಸಬೇಕು. ಸುರೇಖಾ ತಾಟಿನಿಂದ ಬಿಸಿ ರೊಟ್ಟಿ ಎತ್ತಿ ಮೆಲ್ಲಗೆ ಬಗ್ಗಿಸಿದಳು. ಹೊರಮೈ ಜಗ್ಗಿ ಬಿರಿಯಿತು, ಒಳಮೈ ಕುಗ್ಗಿ ಸುಕ್ಕಾಯಿತು. "ಪದರ ಹೊರಮೈಗೆ ಇರಬೇಕು. ಅಂದ್ರ ಜಗ್ತೈತಿ" ಎಂದು ಹೇಳಿ ಆ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿದಳು.

ಈ ಬೆಳಕು ಸರಿಯುವುದನ್ನು ಅಳೆಯಲು ನಮ್ಮ ಕಾಲೇಜಿಗೆ ಒಂದು ಯಂತ್ರ ಬಂದಿತ್ತು. ದೂರದ ಒಂದು ದೊಡ್ಡ ಸಂಸ್ಥೆಯವರು ಬಳಸಿ ವಾಪಸು ಕೊಡಿ ಎಂದು ಕೊಟ್ಟದ್ದು. ಬೆಳಕನ್ನು ಬಿಡಿಸಿ, ಯಾವ ಬಣ್ಣ ಎಷ್ಟಿದೆ ಎಂದು ಕಂಪ್ಯೂಟರಿನ ಪರದೆಯ ಮೇಲೆ ಒಂದು ದಿಬ್ಬದ ಹಾಗೆ ಬರೆದು ತೋರಿಸುತ್ತದೆ. ಕೆಂಪಿನ ಕಡೆ ಸರಿದರೆ ದಿಬ್ಬ ಬಲಕ್ಕೆ, ನೀಲಿಯ ಕಡೆ ಸರಿದರೆ ಎಡಕ್ಕೆ. ಅಲ್ಲಿಯ ಪ್ರೊಫೆಸರ್ ಶರಣಕುಮಾರ ಅವರೇ ಸುರೇಖಾಳ ಮಾರ್ಗದರ್ಶಕರು. ಯಂತ್ರ ಒಂದು, ಕೇಳುವ ಕಾಲೇಜುಗಳು ಹತ್ತು. ಆದ್ದರಿಂದ ಅವರು ನೇರವಾಗಿ ಹೇಳಿದ್ದರು: ಈ ತಿಂಗಳ ಕೊನೆಗೆ ಬರುತ್ತೇನೆ, ದಿಬ್ಬವನ್ನು ನಿಮ್ಮ ಕೈಯಾರೆ ಸರಿಸಿ ತೋರಿಸಿದರೆ ನಿಮ್ಮ ಪಿಎಚ್‌ಡಿ ಮುಗಿಯುವ ತನಕ ಯಂತ್ರ ನಿಮ್ಮದು, ಇಲ್ಲದಿದ್ದರೆ ಬೇರೆಯವರಿಗೆ. ಯಂತ್ರ ಹೋದರೆ ಸುರೇಖಾಳ ಪಿಎಚ್‌ಡಿಯೂ ಅದರ ಹಿಂದೆಯೇ ಹೋದಂತೆ. ಪ್ರತಿ ಅಳತೆಗೂ ರೈಲು ಹತ್ತಿ ಆ ಊರಿಗೆ ಹೋಗಲು ನಮ್ಮ ಪ್ರಿನ್ಸಿಪಾಲರು ರಜೆ ಕೊಡುವ ಪೈಕಿ ಅಲ್ಲ.

ಪಟ್ಟಿ ಬಗ್ಗಿಸುವ ಉಪಕರಣ ವಿದೇಶದಿಂದ ಬರಬೇಕಿತ್ತು, ಬರಲಿಲ್ಲ. ಸುರೇಖಾ ಪ್ಲಾಸ್ಟಿಕ್ ಪೈಪು, ಮಾತ್ರೆಯ ಡಬ್ಬಿ, ನನ್ನ ಶೇವಿಂಗ್ ಕ್ರೀಮಿನ ಟ್ಯೂಬು, ಎಲ್ಲದಕ್ಕೂ ಪಟ್ಟಿ ಸುತ್ತಿ ನೋಡಿದಳು. ಒಂದರ ಅಳತೆಗೂ ಇನ್ನೊಂದರ ಅಳತೆಗೂ ತಾಳಮೇಳ ಇಲ್ಲ. ಅವಳಿಗೆ ಬೇಕಾಗಿದ್ದು ಒಂದಕ್ಕಿಂತ ಒಂದು ತುಸುವೇ ಸಣ್ಣದಾಗುತ್ತ ಹೋಗುವ ದುಂಡನೆಯ ವಸ್ತುಗಳು.

ಅದೇ ಹೊತ್ತಿಗೆ ಅವಳ ತವರೂರು ಸಿದ್ದಾಪುರದಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಬಳೆ ಇಡಿಸಿಕೊಳ್ಳಲು ಜವಾಹರ ರಸ್ತೆಯ ನಾಹೀದಾ ಅವರ ಅಂಗಡಿಗೆ ಹೋದೆವು. ಹೆಂಡತಿಯ ಜೊತೆ ಬಳೆ ಅಂಗಡಿಗೆ ಹೋಗುವ ಗಂಡಸಿಗೆ ಕೂರಲು ಒಂದು ಸ್ಟೂಲು, ಹಿಡಿದುಕೊಳ್ಳಲು ಒಂದು ಕಾಯಿಪಲ್ಯದ ಚೀಲ, ಅಷ್ಟೇ ಗೌರವ.

"ಕೈ ಸಡಿಲ ಬಿಡ್ರಿ ಮೇಡಂ, ಬಿಗಿ ಹಿಡದ್ರ ಒಡಿತಾವ" ಎಂದು ನಾಹೀದಾ ಸುರೇಖಾಳ ಕೈಯನ್ನು ಹಿಸುಕುತ್ತಿದ್ದರು. "ನಿಮ್ಮದು ಎರಡು-ನಾಲ್ಕು ಅಳತಿ. ಎರಡು-ಆರು ಇಟ್ರ ಜಾರಿ ಬೀಳ್ತಾವ."

ಸುರೇಖಾಳ ದೃಷ್ಟಿ ಗೋಡೆಗೆ ಹೋಯಿತು. ಅಲ್ಲಿ ಅಳತೆಯ ಪ್ರಕಾರ ಸಾಲಾಗಿ ಬಳೆ ಜೋಡಿಸಿದ್ದರು. ನಾನು ಅವಳ ಮುಖ ನೋಡಿದೆ. ನಮ್ಮ ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಸಂತೋಷ ಇರಲಿಲ್ಲ, ಸುಳ್ಳೇಕೆ ಹೇಳಲಿ.

"ನಾಹೀದಾಕ್ಕ, ಎಷ್ಟು ಅಳತೀವು ಅದಾವ್ರಿ?"

"ದೊಡ್ಡ ಕೈಯಿಂದ ಹಿಡದು ಕೂಸಿನ ಕೈತನಕ ಎಲ್ಲಾ ಅದಾವ್ರಿ."

"ಎಲ್ಲಾ ಅಳತೀವು ಕೊಡ್ರಿ. ಕರೀವು."

ನಾಹೀದಾ ಅವಳ ಕೈ ಬಿಟ್ಟರು. "ಎಲ್ಲಾ ಕರೀವ? ಮದಿವಿಗೆ ಹೊಂಟೀರಿ, ಹಸಿರು ತಗೋರಿ."

"ಹಸಿರು ಹೊಳಿತಾವ್ರಿ. ನನಗ ಬಳಿ ಹೊಳೀಬಾರದು."

ಹಸಿರು ಬಳೆ ಬೆಳಕನ್ನು ತಿರುಗಿ ಎರಚಿ ಅಳತೆ ಕೆಡಿಸುತ್ತದೆ, ಕಪ್ಪು ಬಳೆ ನುಂಗಿಕೊಳ್ಳುತ್ತದೆ, ಎಂದು ಅವಳು ನನಗೆ ಆಮೇಲೆ ದಾರಿಯಲ್ಲಿ ಹೇಳಿದಳು. ನಾಹೀದಾ ಅವರಿಗೆ ಹೇಳಲಿಲ್ಲ. ಅವರು ಒಂದು ಗಳಿಗೆ ಯೋಚಿಸಿದರು, ಆಮೇಲೆ ಅವರ ಮುಖ ಅರಳಿತು. ದೊಡ್ಡ ಬಳೆಗಳನ್ನು ಸುಮ್ಮನೆ ಪೇಪರಿನಲ್ಲಿ ಸುತ್ತಿದರು. ಕೂಸಿನ ಕರಿಬಳೆಗಳನ್ನು ಮಾತ್ರ ಬೇರೆಯಾಗಿ ಗುಲಾಬಿ ಕಾಗದದಲ್ಲಿ ಸುತ್ತಿ, ಅದರ ಮೇಲೆ ಒಂದು ಕಾಡಿಗೆ ಡಬ್ಬಿ ಇಟ್ಟು, "ಇದು ನನ್ನ ಕಡಿಂದ್ರಿ ಮೇಡಂ" ಎಂದರು. ಇಷ್ಟೊಂದು ಬಳೆ ಕೊಂಡದ್ದಕ್ಕೆ ಮರ್ಯಾದೆ ಎಂದುಕೊಂಡು ಸುರೇಖಾ ನಕ್ಕು ತೆಗೆದುಕೊಂಡಳು. ನಾನು ಅದನ್ನೆಲ್ಲ ಹೀರೇಕಾಯಿಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಚೀಲ ಬಿಚ್ಚಿದವಳು ನಮ್ಮವ್ವ, ಕಸ್ತೂರೆಮ್ಮ. ಅವ್ವ ಅಪ್ಪನ ಜೊತೆ ಕುಷ್ಟಗಿಯಲ್ಲಿ ಸೀರೆ ಅಂಗಡಿ ನಡೆಸಿದವಳು. ಈಗ ಅಂಗಡಿಯನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಅವ್ವ ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ, ಎರಡೂ ಕಡೆ ಯಜಮಾನಿಕೆ.

ಗುಟ್ಟನ್ನು ಉಡಿಯಲ್ಲಿ ಕಟ್ಟಿಕೊಂಡು ಕಥೆಯ ಕೊನೆಗೆ ಬಿಚ್ಚುವವರನ್ನು ಕಂಡರೆ ನನಗೆ ಸಿಟ್ಟು. ಆದ್ದರಿಂದ ನನಗೆ ಆಮೇಲೆ ಗೊತ್ತಾದದ್ದನ್ನು ನಿಮಗೆ ಈಗಲೇ ಹೇಳುತ್ತೇನೆ. ಗುಲಾಬಿ ಕಾಗದ, ಕೂಸಿನ ಕರಿಬಳೆ, ಕಾಡಿಗೆ ಡಬ್ಬಿ, ಇಷ್ಟು ನೋಡಿದ ಅವ್ವ ಸೊಸೆ ಬಸುರಿ ಎಂದು ತೀರ್ಮಾನಿಸಿದಳು. ನಾವಿಬ್ಬರು ಪಿಎಚ್‌ಡಿ ಮುಗಿಯಲಿ, ಆಮೇಲೆ ಮಗು ಎಂದು ಮಾತಾಡಿಕೊಂಡಿದ್ದೆವು. ಅವ್ವನಿಗೆ ಹೇಳಿರಲಿಲ್ಲ. ಅವ್ವ ಕೇಳಿರಲೂ ಇಲ್ಲ. ನೆರೆಮನೆಯವರು, "ನಿಮ್ಮ ಸೊಸಿ ವಿಶೇಷ ಏನ್ರಿ?" ಎಂದಾಗಲೆಲ್ಲ, "ಆಕಿ ಕಾಲೇಜಿಗೆ ಹೋಗ್ಯಾಳ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈಗಲೂ ಕೇಳಲಿಲ್ಲ, ಏಕೆಂದರೆ ಮೂರು ತಿಂಗಳು ತುಂಬುವ ತನಕ ಆ ಮಾತು ಎತ್ತಿದರೆ ದೃಷ್ಟಿಯಾಗುತ್ತದೆ. ಯಾರಿಗೂ ಹೇಳಬಾರದೆಂದು ಎಚ್ಚರಿಕೆ ಕೊಟ್ಟು ಯಲಬುರ್ಗಾ ಕಡೆಯ ಮಂಗಳೂರಿನಲ್ಲಿರುವ ತಂಗಿ ಹುಲಿಗವ್ವನಿಗೆ ಒಬ್ಬಳಿಗೆ ಫೋನಿನಲ್ಲಿ ಹೇಳಿದಳು. ಹುಲಿಗವ್ವ ಚಿಗವ್ವನಿಗೆ ಹೇಳಿದರೆ ಡಂಗುರದವನಿಗೆ ಕೊಡುವ ಕೂಲಿ ಉಳಿಯುತ್ತದೆ.

ಮಾರನೆಯ ದಿನದಿಂದ ಮನೆಯ ಹವಾಮಾನ ಬದಲಾಯಿತು. ಸುರೇಖಾ ಕೊಡ ಎತ್ತಲು ಹೋದರೆ ಅವ್ವ ಕಸಿದುಕೊಂಡಳು. ನೆಲ ಒರೆಸಲು ಬಗ್ಗಿದರೆ, "ನೀ ಕುಂದ್ರು, ನಿನ್ನ ಗಂಡಗೇನಾಗೈತಿ" ಎಂದು ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಕುಷ್ಟಗಿಯಿಂದ ತಮ್ಮ ಒಂದು ಬುಟ್ಟಿ ದಾಳಿಂಬೆ ಕಳಿಸಿದ. ಅವ್ವ ದಿನಾ ಬೆಳಗ್ಗೆ ಒಂದು ಬಟ್ಟಲು ಕಾಳು ಬಿಡಿಸಿ ಸುರೇಖಾಳ ಮುಂದೆ ಇಟ್ಟಳು. ನಾನು ಒಂದು ಕಾಳು ಎತ್ತಿಕೊಂಡರೆ ಕೈಗೆ ಪೆಟ್ಟು.

"ನೋಡ್ರಿ, ಅತ್ತಿಯವರಿಗೆ ನನ್ನ ಕೆಲಸ ಎಷ್ಟ ದೊಡ್ಡದು ಅಂತ ಈಗ ತಿಳೀತು" ಎಂದು ಸುರೇಖಾ ನನ್ನ ಹತ್ತಿರ ಹಿಗ್ಗಿದಳು. ಮೊದಲು ಅವ್ವ ಅದನ್ನು ಅಂಟು ಕೀಳೂ ಕೆಲಸ ಎಂದು ಕರೆಯುತ್ತಿದ್ದಳು. ಸಂಶೋಧನೆಗೆ ಮನೆಯಲ್ಲಿ ಇಂಥ ಬೆಂಬಲ ಸಿಗುವುದು ಅಪರೂಪ ಎಂದು ನಾನೂ ನಂಬಿದೆ. ನನಗೆ ಯಾರೂ ಸಂಶೋಧನೆ ಮಾಡು ಎಂದು ದಾಳಿಂಬೆ ಬಿಡಿಸಿಕೊಟ್ಟಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸುರೇಖಾ ನೆಲದ ಮೇಲೆ ಪಟ್ಟಿಗಳ ಡಬ್ಬಿ, ಬಳೆಗಳು, ದಾರ ಹರವಿಕೊಂಡು ಕೂತಳು. ಒಂದೊಂದು ಅಳತೆಯ ಎರಡು ಬಳೆ ಜೋಡಿಸಿ ನಡುವೆ ತುಸು ಸಂದು ಬಿಟ್ಟು, ಅದರ ಮೇಲೆ ಪಟ್ಟಿಯನ್ನು ಸುತ್ತಿ ದಾರ ಕಟ್ಟಬೇಕು. ಪದರ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕೆ ಇಟ್ಟಿದ್ದಳು. ಅವಳು ಬೆನ್ನು ಬಗ್ಗಿಸಿ ಮೊದಲ ಪಟ್ಟಿ ಎತ್ತಿಕೊಂಡಿದ್ದಷ್ಟೇ, ಅವ್ವ ಅಡುಗೆಮನೆಯಿಂದ ಬಂದಳು.

"ಹಂಗ ಮಡಚಿಕೊಂಡು ಕುಂದ್ರಬ್ಯಾಡ. ತಾ ಇಲ್ಲೆ. ಏನ ಮಾಡಬೇಕು ಹೇಳು, ನಾ ಮಾಡ್ತೀನಿ."

"ನಿಮಗ್ಯಾಕ್ರಿ ಅತ್ತಿ ತ್ರಾಸು?"

"ಜಲ್ಮೆಲ್ಲಾ ಸೀರಿ ಸುತ್ತೀನಿ, ಇದೊಂದು ಪಟ್ಟಿ ಸುತ್ತಾಕ ಬರೂದಿಲ್ಲೇನು?"

ಸುರೇಖಾಳ ಕಣ್ಣು ತುಂಬಿ ಬಂತು. "ಕೆಂಪು ಚುಕ್ಕಿ ಇದ್ದದ್ದು ಮಾರಿ ಕಡಿ ರೀ ಅತ್ತಿ. ಅದಕ್ಕ ಬೆರಳು ತಾಗಬಾರದು" ಎಂದಷ್ಟೇ ಹೇಳಿದಳು. ಮಾರಿ ಎಂದರೆ ಪದರ ಇರುವ ಮುಖ, ಅದು ಹೊರಗೆ ಬರಬೇಕೆಂದು ಹೇಳಲಿಲ್ಲ. ಅದು ಅವಳಿಗೆ ಹೇಳಬೇಕಾದ ಮಾತೆಂದೇ ಅನ್ನಿಸಲಿಲ್ಲ. ಅವ್ವನೂ ಕೇಳಲಿಲ್ಲ. ಹೊಸ ಸೀರೆಯ ಮಾರಿ ಒಳಗೆ, ಬೆನ್ನು ಹೊರಗೆ. ಧೂಳು ಕೂರಬಾರದು, ಬಿಸಿಲಿಗೆ ಬಣ್ಣ ಹೋಗಬಾರದು. ನಮ್ಮ ಅಂಗಡಿಯಲ್ಲಿ ಎಳೆ ಮಗುವಿಗೂ ಗೊತ್ತಿದ್ದ ವಿಷಯ ಅದು. ಅವ್ವ ಪ್ರತಿಯೊಂದು ಪಟ್ಟಿಯನ್ನೂ ಒಂದು ಸುಕ್ಕಿಲ್ಲದಂತೆ, ಕೆಂಪು ಚುಕ್ಕೆ ಒಳಗೆ ಮಾಡಿ, ಚೆಂದವಾಗಿ ಸುತ್ತಿ ಗಂಟು ಹಾಕಿದಳು. ಗುಟ್ಟು ಮುಚ್ಚಿಡುವುದಿಲ್ಲ ಎಂದೆನಲ್ಲ, ಅದಕ್ಕೇ ಇದನ್ನೂ ಹೇಳುತ್ತಿದ್ದೇನೆ. ಆ ದಿನ ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಸಿಡಿಮಿಡಿಗುಟ್ಟುತ್ತಿದ್ದೆ.

ಸೋಮವಾರ ಕಾಲೇಜು ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಅಳತೆ ಶುರುವಾಯಿತು. ಕಿಟಕಿಗೆ ಕಪ್ಪು ಪರದೆ ಕಟ್ಟುವುದು ನನ್ನ ಕೆಲಸ. ಸುತ್ತದೆ ಇಟ್ಟಿದ್ದ ಸಪಾಟು ಪಟ್ಟಿಯನ್ನು ಮೊದಲು ಇಟ್ಟಳು. ಕಂಪ್ಯೂಟರಿನ ಪರದೆಯ ಮೇಲೆ ದಿಬ್ಬ ಎದ್ದಿತು, ಇರಬೇಕಾದ ಜಾಗದಲ್ಲೇ ಇತ್ತು. ಆಮೇಲೆ ದೊಡ್ಡ ಬಳೆ ಇಟ್ಟಳು. ದಿಬ್ಬ ತುಸು ಸರಿಯಿತು.

"ಸರೀತಲ್ಲ" ಎಂದೆ.

"ಎಡಕ್ಕ ಸರೀತು."

"ಸರಿಯೂದು ಮುಖ್ಯ ಅಂದಿದ್ದೆಲ್ಲ?"

ಅವಳು ನನ್ನ ಕಡೆ ನೋಡಿದ ನೋಟಕ್ಕೆ ಆ ಹಸಿರು ಲೇಸರು ಏನೂ ಅಲ್ಲ. ಬಳೆ ಸಣ್ಣದಾದಷ್ಟೂ ದಿಬ್ಬ ಇನ್ನಷ್ಟು ಎಡಕ್ಕೆ ಹೋಯಿತು. ಕೂಸಿನ ಬಳೆಯದು ಎಲ್ಲಕ್ಕಿಂತ ಎಡಕ್ಕೆ. ಜಗ್ಗಿದರೆ ಬಲಕ್ಕೆ ಹೋಗಬೇಕು. ಲೇಸರಿನ ಬಿಸಿ ತಾಗಿದ್ದರೂ ಬಲಕ್ಕೇ ಹೋಗಬೇಕು. ಎಡಕ್ಕೆ ಹೋಗಲು ಅವಳಿಗೆ ಒಂದು ಕಾರಣವೂ ಸಿಗಲಿಲ್ಲ. ಪದರ ತಿರುವುಮುರುವಾಗಿದೆಯೇ ಎಂದು ಕೂಡ ನೋಡಿದಳು. "ಚುಕ್ಕಿ ಕಾಣಾಕತ್ತೈತಿ, ಮಾರಿ ಮ್ಯಾಲ ಐತಿ" ಎಂದಳು. ಪ್ಲಾಸ್ಟಿಕ್ ಪಾರದರ್ಶಕ, ಚುಕ್ಕೆ ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ ಎಂಬುದು ಅಷ್ಟು ಓದಿದವಳಿಗೂ ಹೊಳೆಯಲಿಲ್ಲ, ಓದದ ನನಗಂತೂ ಹೊಳೆಯುವ ಮಾತೇ ಇಲ್ಲ.

ಆ ವಾರವೆಲ್ಲ ಅವಳು ಬೈಯದ ವಸ್ತುವಿಲ್ಲ. ಯಂತ್ರಕ್ಕೆ ಬೈದಳು, ವಿದ್ಯುತ್ತಿಗೆ ಬೈದಳು, ಅಂಟಿಗೆ ಬೈದಳು, ಪರದೆ ಸರಿಯಾಗಿ ಕಟ್ಟಿಲ್ಲವೆಂದು ನನಗೆ ಬೈದಳು. ಅವ್ವನಿಗೆ ಮಾತ್ರ ಬೈಯಲಿಲ್ಲ. ಅನ್ನ ಸೇರದೆ ತಾಟು ಬಿಟ್ಟು ಎದ್ದರೆ ಅವ್ವ ನನ್ನ ಕಿವಿಯಲ್ಲಿ, "ಈ ಹೊತ್ತಿನ್ಯಾಗ ಹಂಗ ಆಗ್ತೈತಿ, ನೀ ಏನೂ ಅನಬ್ಯಾಡ" ಎಂದಳು. ಪಿಎಚ್‌ಡಿಯ ಕೊನೆಯ ಹಂತದಲ್ಲಿ ಹೀಗೆಯೇ ಆಗುತ್ತದೆ ಎಂದು ಅವ್ವನಿಗೆ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯವಾಯಿತು.

ಶರಣಕುಮಾರ ಸರ್ ಬರುವ ದಿನ ಅವ್ವ ಬುತ್ತಿ ಕಟ್ಟಿಕೊಂಡು ತಾನೂ ಆಟೋ ಹತ್ತಿದಳು. "ಇಂಥಾದರಾಗ ಆಕೀನ್ನ ಒಬ್ಬಾಕೀನ್ನ ಕಳಸಬಾರದು" ಎಂದಳು. ನಾನಿದ್ದದ್ದು ಲೆಕ್ಕಕ್ಕೆ ಬರಲಿಲ್ಲ. ಪ್ರಯೋಗಾಲಯದ ಮೂಲೆಯ ಬೆಂಚಿನ ಮೇಲೆ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು.

ಸರ್ ಮೆಲುದನಿಯ ಮನುಷ್ಯ. ಬಳೆಗಳನ್ನು ನೋಡಿ ಖುಷಿಪಟ್ಟರು, ಕಂಪ್ಯೂಟರಿನ ಪರದೆಯನ್ನು ನೋಡಿ ಕನ್ನಡಕ ತೆಗೆದು ಕೆಳಗಿಟ್ಟರು.

"ಸುರೇಖಾ ಅವರ, ಇದು ಉಲ್ಟಾ ಐತಲ್ರಿ."

"ಹೌದ್ರಿ ಸರ್. ಯಾಕ ಅಂತ ತಿಳೀವಲ್ದು."

"ಅಂಟು ಎಲ್ಲೋ ಜಗ್ಗಿರಬೇಕು, ಇಲ್ಲಾ ಬಳಿಯಿಂದ ಬೆಳಕು ಬರಾಕತ್ತಿರಬೇಕು. ಕಾರಣ ಗೊತ್ತಿಲ್ಲದ ಅಳತಿ ನಾ ಒಪ್ಪಾಕ ಬರೂದಿಲ್ಲ." ಅವರಿಗೂ ಬೇಸರವಾಗಿತ್ತು, ಮೇಜಿನ ಮೇಲಿನ ಯಂತ್ರವನ್ನು ಒಮ್ಮೆ ಸವರಿದರು. "ಪ್ಯಾಕ್ ಮಾಡಾಕ ಹೇಳ್ಲೇನ್ರಿ?"

ಸುರೇಖಾ ತಡೆದಳು. ಇನ್ನೊಂದೇ ಸಲ, ನಾನೇ ಸುತ್ತುತ್ತೇನೆ, ಸರ್ ಎಂದಳು. ಕೂಸಿನ ಬಳೆಯ ಗಂಟು ಬಿಚ್ಚಿ ಪಟ್ಟಿಯನ್ನು ತೆಗೆದು, ಕೆಂಪು ಚುಕ್ಕೆಯನ್ನು ಹೊರಗೆ ಮಾಡಿ ಸುತ್ತತೊಡಗಿದಳು. ಆ ಕ್ಷಣ ನನಗೆ ಆ ಯಂತ್ರವನ್ನು ನಾನೇ ಹೊತ್ತುಕೊಂಡು ಓಡಿಹೋಗಲೇ ಎನ್ನಿಸಿತು.

ಮೂಲೆಯಿಂದ ಅವ್ವ ಎಂದಳು: "ಹಂಗ ಸುತ್ತಬ್ಯಾಡವಾ. ಮಾರಿ ಹೊರಗ ಬಂತು ನೋಡು. ಬೆಳಕು ಬಿದ್ರ ಬಣ್ಣ ಹೋಗ್ತೈತಿ."

ಸುರೇಖಾಳ ಕೈ ನಿಂತಿತು. "ಅತ್ತಿ, ನೀವು ಎಲ್ಲಾನೂ ಮಾರಿ ಒಳಗ ಮಾಡಿ ಸುತ್ತೀರೇನ್ರಿ?"

"ಮತ್ತ? ಹೊಸಾದನ್ನ ಯಾರರ ಮಾರಿ ಹೊರಗ ಮಾಡಿ ಸುತ್ತತಾರೇನು?"

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ, ಅವಳು ನನ್ನ ತಾಯಿ. ಆದರೆ ಸುರೇಖಾ ಸ್ಟೂಲಿನ ಮೇಲೆ ಕುಸಿದು ನಗತೊಡಗಿದಳು. ನಕ್ಕು ಕಣ್ಣೊರೆಸಿಕೊಂಡು ಬಳೆಯನ್ನು ಯಂತ್ರದ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಪದರವನ್ನು ಹುಡುಕಿ ಹಸಿರು ಬೆಳಕು ಬಿಟ್ಟಳು. ದಿಬ್ಬ ಬಲಕ್ಕೆ ಹೋಗಿ ನಿಂತಿತು. ಮೊದಲು ಎಡಕ್ಕೆ ಎಷ್ಟು ದೂರ ಹೋಗಿತ್ತೋ ಈಗ ಬಲಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ.

ಸರ್ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದರು. ಇನ್ನೊಂದು ಬಳೆಯನ್ನು ತಿರುವಿ ಸುತ್ತಿ ಅಳೆಯಲು ಹೇಳಿದರು. ಅದೂ ಹಾಗೆಯೇ. ಮೂರನೆಯದೂ ಹಾಗೆಯೇ. ಒಳಗೆ ಸುತ್ತಿದರೆ ಪದರ ಕುಗ್ಗುತ್ತದೆ, ಬೆಳಕು ನೀಲಿಯ ಕಡೆಗೆ. ಹೊರಗೆ ಸುತ್ತಿದರೆ ಜಗ್ಗುತ್ತದೆ, ಬೆಳಕು ಕೆಂಪಿನ ಕಡೆಗೆ.

"ಅಂಟಿನ ತಪ್ಪಾಗಿದ್ರ, ಬಿಸಿ ಆಗಿದ್ರ, ಬಳಿ ಬೆಳಕು ಆಗಿದ್ರ, ಮಾರಿ ಯಾವ ಕಡಿ ಇದ್ರೂ ಒಂದ ದಿಕ್ಕಿಗೆ ಹೋಗಬೇಕಿತ್ತು" ಎಂದರು ಸರ್. "ತಿರುವಿದ ಕೂಡ್ಲೆ ತಿರುಗಿತು ಅಂದ್ರ ಇದು ಜಗ್ಗಾಟದ್ದ ಕೆಲಸ. ಇನ್ನ ಯಾರೂ ಅನುಮಾನ ಪಡಂಗಿಲ್ಲ. ಎರಡೂ ಕಡಿ ಅಳೀಬೇಕು ಅಂತ ಯೋಚನಿ ಮಾಡಿದ್ದು ಛಲೋ ಆತು."

ಹೌದು ಸರ್ ಎಂದಿದ್ದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಖಂಡಿತ ಹಾಗೆಯೇ ಎನ್ನುತ್ತಿದ್ದೆ.

"ಯೋಚನಿ ಯಾರೂ ಮಾಡಿಲ್ರಿ ಸರ್" ಎಂದಳು ಸುರೇಖಾ. "ನಮ್ಮ ಅತ್ತಿ ಸೀರಿ ಸುತ್ತಿದಂಗ ಸುತ್ಯಾರ."

ಸರ್ ಅವ್ವನಿಗೆ ಕೈ ಮುಗಿದರು. ಅವ್ವ ಬುತ್ತಿ ಹಿಡಿದುಕೊಂಡೇ ತಿರುಗಿ ಕೈ ಮುಗಿದಳು, ಯಾಕೆಂದು ಅವಳಿಗೆ ತಿಳಿಯಲಿಲ್ಲ. ಯಂತ್ರ ಇಲ್ಲೇ ಇರಲಿ ಎಂದು ಸರ್ ಪ್ರಿನ್ಸಿಪಾಲರಿಗೆ ಅಲ್ಲಿಂದಲೇ ಫೋನು ಮಾಡಿದರು. ನಾನು ಕಪ್ಪು ಪರದೆ ಬಿಚ್ಚಿದೆ, ಕೋಣೆಯೊಳಗೆ ಬಿಸಿಲು ಬಂತು. ಹೊರಡುವ ಮೊದಲು ಸರ್ ಕೂಸಿನ ಬಳೆಯನ್ನು ಕಿರುಬೆರಳಿಗೆ ತೂಗಿಸಿಕೊಂಡು, "ಇಷ್ಟು ಸಣ್ಣದು ಎಲ್ಲಿ ಸಿಕ್ತು ನಿಮಗ?" ಎಂದರು.

"ಕೂಸುಗಳ ಬಳಿ ರೀ ಸರ್. ಸಣ್ಣದಾದಷ್ಟೂ ಪಟ್ಟಿ ಹೆಚ್ಚು ಬಗ್ತೈತಿ, ಅದಕ್ಕ ಪ್ರಯೋಗಕ್ಕಂತ ತಂದೆ."

ನಾನು ಆಗ ಅವ್ವನ ಕಡೆ ನೋಡುತ್ತಿದ್ದೆ. ಅವ್ವ ಆ ಬಳೆಯನ್ನೇ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ ಬುತ್ತಿಯ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದಳು. ಏನೋ ತಪ್ಪಿದೆ ಎಂದು ಮಾತ್ರ ನನಗೆ ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ಮನೆಯ ತನಕ ಆಟೋದಲ್ಲಿ ಸುರೇಖಾ ಒಬ್ಬಳೇ ಮಾತಾಡಿದಳು.

ಮನೆಗೆ ಬಂದ ಕೂಡಲೇ ಅವ್ವ ತನ್ನ ಟ್ರಂಕು ತೆರೆದು ಕಾಡಿಗೆ ಡಬ್ಬಿ ತಂದು ಸುರೇಖಾಳ ಮುಂದೆ ಇಟ್ಟಳು.

"ಜ್ವಾಪಾನ ಮಾಡಿ ಇಟ್ಟಿದ್ದೆ. ಇದೂ ಪ್ರಯೋಗಕ್ಕ ಬೇಕಾದ್ರ ತಗೋ."

ಸುರೇಖಾ ಡಬ್ಬಿಯನ್ನು ನೋಡಿದಳು. ಕೊಡ, ನೆಲದ ಬಟ್ಟೆ, ದಾಳಿಂಬೆ, ಭಾನುವಾರದ ಮಧ್ಯಾಹ್ನ, ಒಂದೊಂದೇ ಅವಳಿಗೆ ಅರ್ಥವಾಗುತ್ತ ಹೋದದ್ದು ಅವಳ ಮುಖದಲ್ಲಿ ನನಗೆ ಕಂಡಿತು. ನನಗೂ ಆಗಲೇ ಅರ್ಥವಾದದ್ದು. ಅವಳು ನೆಲದ ಮೇಲೆ ಅವ್ವನ ಪಕ್ಕದಲ್ಲಿ ಕೂತಳು.

"ಅತ್ತಿ, ನೀವು ನನ್ನ ಕೆಲಸಕ್ಕಂತ ಮಾಡಾಕತ್ತೀರಿ ಅಂತ ತಿಳಕೊಂಡಿದ್ನಿರಿ."

"ನಾ ಕೂಸಿಗಂತ ಮಾಡಿದ್ದೆವಾ" ಎಂದಳು ಅವ್ವ. ಸುಳ್ಳು ಹೇಳಿ ಅಭ್ಯಾಸವಿಲ್ಲ ಅವಳಿಗೆ.

ನನ್ನ ಅವ್ವನಿಗಾಗಿ ನನಗೆ ಸಂಕಟವಾಯಿತು, ನನ್ನ ಹೆಂಡತಿಗಾಗಿಯೂ ಸಂಕಟವಾಯಿತು, ಇಬ್ಬರಲ್ಲಿ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತೆ. ಮಗುವಿನ ವಿಷಯ ನಾವು ಮಾತಾಡಿಕೊಂಡದ್ದನ್ನು ಸುರೇಖಾ ಅವ್ವನಿಗೆ ಮೆಲ್ಲಗೆ ಹೇಳಿದಳು. ಅವ್ವ ಹೂಂ ಎಂದಳು. ಕೋಪ ಮಾಡಿಕೊಳ್ಳಲಿಲ್ಲ. "ಬಂದಾಗ ಬರ್ಲಿ. ನಾ ಸುತ್ತಿದ್ದಕ್ಕ ಕೆಲಸ ಏನೂ ಕೆಡಲಿಲ್ಲಲ್ಲ?" ಎಂದಷ್ಟೇ ಕೇಳಿದಳು.

"ನೀವು ಸುತ್ತಿದ್ದಕ್ಕ ಮಷೀನ್ ಉಳೀತ್ರಿ ಅತ್ತಿ."

ಅಷ್ಟರಲ್ಲಿ ಫೋನು ಬಂತು. ಹುಲಿಗವ್ವ ಚಿಗವ್ವ. ಕೂಸಿನ ತಲೆಗೆ ಹಾಕಲು ಎರಡು ಕುಂಚಗಿ ಹೊಲಿದಾಗಿದೆ, ಮಂಗಳೂರಿನಲ್ಲಿ ಎಲ್ಲರೂ ಸೀಮಂತದ ಕುಬಸ ಯಾವಾಗ ಎಂದು ಕೇಳುತ್ತಿದ್ದಾರೆ, ಹಸಿರು ಸೀರೆ ನಮ್ಮ ಅಂಗಡಿಯದೇ ಆಗಬೇಕು ಎಂದು ಉಸಿರು ಬಿಡದೆ ಹೇಳುತ್ತಿದ್ದುದು ಮೂವರಿಗೂ ಕೇಳಿಸಿತು. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಹುಲಿಗವ್ವಾ, ಕೂಸು ಬಂದಿಲ್ಲ. ಮಷೀನ್ ಬಂದೈತಿ" ಎಂದಳು. "ಕುಂಚಗಿ ಮಾರಿ ಒಳಗ ಮಾಡಿ ಮಡಚಿ ಇಟ್ಟಿರು, ಬಣ್ಣ ಹೋಗಬಾರದು."

ಮರುದಿನ ಬೆಳಗ್ಗೆ ಸುರೇಖಾ ತಾನೇ ಕೊಡ ಎತ್ತಿ ನೀರು ತುಂಬಿದಳು. ಅವ್ವ ತಡೆಯಲಿಲ್ಲ. ನೆಲವನ್ನೂ ಅವಳೇ ಒರೆಸಿದಳು, ನನಗೆ ಬಿಡುಗಡೆಯಾಯಿತು, ಆದರೂ ಯಾಕೋ ಸಮಾಧಾನವಾಗಲಿಲ್ಲ. ಉಳಿದ ಪಟ್ಟಿಗಳನ್ನು ಸುತ್ತಲೆಂದು ಸುರೇಖಾ ಡಬ್ಬಿ ತರಲು ಹೋದರೆ ಡಬ್ಬಿ ಅಲ್ಲಿ ಇರಲಿಲ್ಲ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬಳೆಗಳನ್ನು ಅಳತೆಯ ಪ್ರಕಾರ ಮುಂದೆ ಜೋಡಿಸಿಕೊಂಡಿದ್ದಳು. ಕೂಸಿನ ಬಳೆ ಎಲ್ಲಕ್ಕಿಂತ ಮುಂದೆ ಇತ್ತು.

"ಇವತ್ತ ಮಾರಿ ಒಳಗೋ, ಹೊರಗೋ?" ಎಂದು ಕೇಳಿದಳು.

"ಅರ್ಧ ಒಳಗ, ಅರ್ಧ ಹೊರಗ್ರಿ ಅತ್ತಿ."

"ಆತು. ಮೊದ್ಲ ಅದನ್ನ ತಿನ್ನು."

ಅವಳ ಪಕ್ಕದಲ್ಲಿ ಬಟ್ಟಲು ತುಂಬ ದಾಳಿಂಬೆ ಕಾಳು ಬಿಡಿಸಿ ಇಟ್ಟಿತ್ತು. ಸುರೇಖಾ ನಿಂತಲ್ಲೇ ನಿಂತಳು.

"ಅತ್ತಿ, ನಾ ಹೇಳಿದ್ನೆಲ್ರಿ. ಇನ್ನೂ ಏನೂ ಇಲ್ಲ."

"ಗೊತ್ತೈತಿ" ಎಂದಳು ಅವ್ವ, ಪಟ್ಟಿಯ ಮೇಲಿನಿಂದ ಕಣ್ಣೆತ್ತದೆ. "ಇದು ನಿನಗ."